ಬಡ್ಡಿಯಲ್ಲ, ಅಸಲು!

ನಮ್ಮ ಶರಾವತಿಗೆ ಮಳೆಯೇ ಗತಿ. ಸಿಕ್ಕಿಮ್‌ನ ತೀಸ್ತಾಕ್ಕೆ ಮಳೆಯ ಜೊತೆ ಹಿಮನದಿ ಕರಗಿದ ನೀರೂ ಸೇರುತ್ತದೆ. ಭೂಮಿ ಕಾದಂತೆ ಹಿಮ ಬೇಗಬೇಗ ಕರಗುತ್ತಿದೆ. ಹೊಳೆಗೆ ಸದ್ಯಕ್ಕೆ ನೀರು ಜಾಸ್ತಿ, ಕರೆಂಟು ಮಾರುವವರಿಗೆ ಖುಷಿ! ಆದರೆ ಇದು ಬಡ್ಡಿಯಲ್ಲ ಸ್ವಾಮಿ, ಅಸಲು. ಅದು ಸವೆದ ಮೇಲೆ ಟರ್ಬೈನು ತಿರುಗಿಸಲು ಏನುಳಿಯುತ್ತದೆ?

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಕರಗಿದ ನೀರು ಹಿಮನದಿಯ ಬುಡದಲ್ಲೇ ಕೆರೆಯಾಗಿ ನಿಲ್ಲುತ್ತದೆ. ಅದಕ್ಕೆ ಕಟ್ಟೆಯೆಂದರೆ ಬರೀ ಕಲ್ಲುಮಣ್ಣಿನ ರಾಶಿ. 2023ರ ಅಕ್ಟೋಬರ್ 3ರ ರಾತ್ರಿ ದಕ್ಷಿಣ ಲೋನಾಕ್ ಕೆರೆಗೆ ಪಕ್ಕದ ಇಳಿಜಾರು ಕುಸಿದುಬಿತ್ತು, ಕಟ್ಟೆ ಒಡೆಯಿತು. ಬೆಳಗಾಗುವುದರೊಳಗೆ ಕೆಳಗಿನ ಚುಂಗ್‌ತಾಂಗ್‌ನಲ್ಲಿ 1200 ಮೆಗಾವ್ಯಾಟ್ ಯೋಜನೆಯ 60 ಮೀಟರ್ ಅಣೆಕಟ್ಟೆ ಕೊಚ್ಚಿಹೋಗಿತ್ತು. ಹತ್ತಾರು ಜನ ಸತ್ತರು.

ಅಲ್ಲಿನ ಲೆಪ್ಚಾ ಹುಡುಗರು 2007ರಲ್ಲೇ ಗ್ಯಾಂಗ್‌ಟಾಕ್‌ನಲ್ಲಿ ಉಪವಾಸ ಕೂತು ತೀಸ್ತಾ ಅಣೆಕಟ್ಟುಗಳು ಬೇಡವೆಂದಿದ್ದರು. ಜೊಂಗುವಿನ ಕೆಲವು ಯೋಜನೆ ನಿಂತವು. ಚುಂಗ್‌ತಾಂಗ್‌ನದು ನಿಲ್ಲಲಿಲ್ಲ.

ಈಗೇನು ಬುದ್ಧಿ ಬಂತೆ? ಅದೇ ಯೋಜನೆಗೆ 118 ಮೀಟರಿಗೂ ಎತ್ತರದ ಕಾಂಕ್ರೀಟ್ ಕಟ್ಟೆ ಕಟ್ಟಲು ಕೇಂದ್ರ ಪರಿಸರ ಇಲಾಖೆಯ ತಜ್ಞರ ಸಮಿತಿ 2025ರ ಜನವರಿಯಲ್ಲಿ ಶಿಫಾರಸು ಮಾಡಿತು. ಮೇಲೆ ಲೋನಾಕ್ ಕೆರೆ ಇನ್ನೂ ಇದೆ. ಕೆಳಗೆ ಊರೂ ಇದೆ.