ಅಂಜಿಕೆ ಓದಿಸೀತು, ಬರೆಸಲಾರದು

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳು ಹತ್ತು ಗಂಟೆಗೆ ಪುಸ್ತಕ ಮುಚ್ಚಿ ಮಲಗಲಿ, ಮನೆಯವರು ಅವರನ್ನು ಅಂಜಿಸದಿರಲಿ ಎಂದು ಹೇಳುತ್ತ ಬಂದವನು ನಾನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಈ ಮಾತಿಗೆ ತಲೆಯಾಡಿಸಿದವರಿಗಿಂತ ತಕರಾರು ತೆಗೆದವರೇ ಹೆಚ್ಚು. ಅವರೆಲ್ಲ ಮಕ್ಕಳ ಹಿತ ಬಯಸುವ ಪಾಲಕರು, ಶಿಕ್ಷಕರು. ಹಾಗಾಗಿ ಅವರ ಒಂದೊಂದು ಮಾತಿಗೂ ಉತ್ತರ ಕೊಡಬೇಕಾದದ್ದು ನನ್ನ ಕರ್ತವ್ಯ.

1. “ಅಂಜಿಕಿ ಇಲ್ಲಂದ್ರ ಹುಡುಗ್ರು ಓದೂದೇ ಇಲ್ರಿ.”

ಇದರಲ್ಲಿ ಅರ್ಧ ಸತ್ಯವಿದೆ. ಸ್ವಲ್ಪ ಅಂಜಿಕೆ ಹುಡುಗನನ್ನು ಪುಸ್ತಕದ ಮುಂದೆ ಕೂರಿಸುತ್ತದೆ. ಆದರೆ ಕೂರುವುದು ಬೇರೆ, ಲೆಕ್ಕ ಬಿಡಿಸುವುದು ಬೇರೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಗಳಿಗೆ ವಿದ್ಯುತ್ ಪೆಟ್ಟು ಕೊಟ್ಟು, ಎರಡು ಪೆಟ್ಟಿಗೆಗಳಲ್ಲಿ ಸರಿಯಾದದ್ದನ್ನು ಗುರುತಿಸಲು ಕಲಿಸಿದರು. ಗುರುತಿಸುವುದು ಸುಲಭವಿದ್ದಾಗ ಜೋರು ಪೆಟ್ಟಿಗೆ ಇಲಿಗಳು ಬೇಗ ಕಲಿತವು. ಕಷ್ಟವಿದ್ದಾಗ ಅದೇ ಜೋರು ಪೆಟ್ಟು ಕಲಿಕೆಯನ್ನು ಕೆಡಿಸಿತು.

ಹತ್ತನೆಯ ತರಗತಿಯ ಗಣಿತ ಕಷ್ಟದ ಕೆಲಸ. ವೇಗ ಗಂಟೆಗೆ 5 ಕಿ.ಮೀ. ಹೆಚ್ಚಾದರೆ ರೈಲು ಒಂದು ಗಂಟೆ ಮೊದಲೇ ಊರು ಮುಟ್ಟುತ್ತದೆ ಎಂಬ ಲೆಕ್ಕದಲ್ಲಿ ದೂರ, ವೇಗ, ಕಾಲ ಮೂರನ್ನೂ ತಲೆಯಲ್ಲಿ ಹಿಡಿದುಕೊಂಡು, ಯಾವುದನ್ನು ‘ಎಕ್ಸ್’ ಎನ್ನಬೇಕೆಂದು ಯೋಚಿಸಬೇಕು. ತಲೆಯಲ್ಲಿ ಹಾಗೆ ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಇಕ್ಕಟ್ಟು. “ಫೇಲಾದ್ರ ಅಪ್ಪ ಏನಂದಾನು” ಎಂಬುದು ಅಲ್ಲಿ ಬಂದು ಕೂತಿತೆಂದರೆ ವೇಗವೋ ಕಾಲವೋ ಹೊರಗೆ ಬೀಳುತ್ತದೆ. ಬರುವ ಲೆಕ್ಕವೇ ಬಾರದಂತಾಗುವುದು ಹೀಗೆ.

2. “ರಾತ್ರಿಯೆಲ್ಲಾ ಕುಂತು ಓದಿದವ್ರ ಮುಂದ ಬಂದಾರ.”

ನಿದ್ದೆಗೆಟ್ಟು ಓದಿ ಮುಂದೆ ಬಂದವರನ್ನು ಊರು ಎಣಿಸುತ್ತದೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಪ್ರಶ್ನೆಯನ್ನೇ ತಪ್ಪಾಗಿ ಓದಿದವರನ್ನು ಯಾರೂ ಎಣಿಸಿಲ್ಲ. ಕಲಿತೊಡನೆ ನಿದ್ದೆ ಮಾಡಿದರೆ, ಅಷ್ಟೇ ಹೊತ್ತು ಎಚ್ಚರವಿದ್ದಾಗಿನದಕ್ಕಿಂತ ಹೆಚ್ಚು ನೆನಪು ಉಳಿಯುತ್ತದೆಂದು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲೇ ತೋರಿಸಿದ್ದಾರೆ.

ಇನ್ನೊಂದು ಪ್ರಯೋಗ 2006ರದು, ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ್ದು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಓದಿದವರಿಗೆ ಶೇ 42ರಷ್ಟು. ರಾತ್ರಿಯೆಲ್ಲ ಗೈಡು ತಿರುವಿದಾಗ “ಎಲ್ಲಾ ಬಂತು” ಎನ್ನಿಸುತ್ತದಲ್ಲ, ಆ ಧೈರ್ಯ ಐದು ನಿಮಿಷದ್ದು. ಪರೀಕ್ಷೆಯಲ್ಲಿ “ಎಲ್ಲಾ ಮರತುಹೋತ್ರಿ ಸರ” ಎಂದು ಬೆವರುವ ಹುಡುಗಿ ಓದದೆ ಬಂದವಳಲ್ಲ. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ತೆಗೆದು ಬರೆಯುವುದನ್ನು ಅವಳಿಗೆ ಯಾರೂ ರೂಢಿ ಮಾಡಿಸಿರಲಿಲ್ಲ.

3. “ಇದೆಲ್ಲಾ ಬೆಂಗಳೂರ ಮಕ್ಕಳಿಗೆ. ನಮ್ಮ ಮನ್ಯಾಗ ಶಾಂತಿ ಎಲ್ಲಿಂದ ತರೂದ್ರಿ?”

ಎಲ್ಲ ತಕರಾರುಗಳಲ್ಲಿ ನನ್ನನ್ನು ತಟ್ಟಿದ್ದು ಇದು. ಪರೀಕ್ಷೆಗೆ ಕೆಲವೇ ವಾರ ಇರುವಾಗ, ಭರತ ಹುಣ್ಣಿಮೆಗೆ, ಚಿಂಚಲಿ ಮಾಯಕ್ಕನ ಜಾತ್ರೆ. ಮನೆ ತುಂಬ ಬೀಗರು. ಪಂಪಿನ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಕಬ್ಬಿಗೆ ನೀರು ಹಾಯಿಸಲು ಟಾರ್ಚು ಹಿಡಿದು ಹೋಗುವವನು ಮನೆಯ ಹುಡುಗ. ನಿಪ್ಪಾಣಿಯಲ್ಲಿ ತಾಯಿ ಬೀಡಿ ಕಟ್ಟುವ ಮನೆಯಲ್ಲಿ ಮಗಳ ಕೈಗೂ ಎಲೆ ಬರುತ್ತದೆ. ಗಡಿಯ ಮರಾಠಿ ಮಾಧ್ಯಮದ ಮಕ್ಕಳಿಗೆ ಕನ್ನಡ ಪತ್ರಿಕೆಯ ಚಿಂತೆ ಬೇರೆ.

ಇಷ್ಟೆಲ್ಲ ಇರುವುದರಿಂದಲೇ ನಮ್ಮ ಮಕ್ಕಳಿಗೆ ಸಮಾಧಾನ ಬೆಂಗಳೂರಿನ ಮಕ್ಕಳಿಗಿಂತ ಹೆಚ್ಚು ಬೇಕು ಎನ್ನುತ್ತೇನೆ. ಅದಕ್ಕೆ ದುಡ್ಡು ಬೇಕಿಲ್ಲ, ದೊಡ್ಡವರು ಹೊತ್ತು ಬಿಟ್ಟುಕೊಡಬೇಕು. ಪರೀಕ್ಷೆ ಮುಗಿಯುವವರೆಗೆ ರಾತ್ರಿಯ ನೀರಿನ ಪಾಳಿ ಅಪ್ಪನದೋ ಕಾಕಾನದೋ ಆಗಲಿ. ಮನೆಯಲ್ಲಿ ಜಾಗವಿಲ್ಲದಿದ್ದರೆ ಸಾಲಿಯ ಒಂದು ಕೋಣೆಯ ಕೀಲಿ ಸಂಜೆ ಎರಡು ತಾಸು ತೆಗೆದಿರಲಿ. ಕಷ್ಟ ಈ ಮಕ್ಕಳಿಗೆ ಹೊಸದಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನದಿದಂಡೆಯ ಹಳ್ಳಿಗಳು ಮನೆ ಬಿಟ್ಟು ಎದ್ದವು. ಆ ವರ್ಷದ ಹತ್ತನೆಯ ತರಗತಿಯವರಿಗೆ ಕೊನೆಯಲ್ಲಿ ಲಾಕ್‌ಡೌನ್ ಎದುರಾಯಿತು. ಮಾರ್ಚಿನ ಪರೀಕ್ಷೆ 2020ರ ಜೂನ್ 25ಕ್ಕೆ ಶುರುವಾಯಿತು. ಅಂಥ ವರ್ಷದಲ್ಲೂ ಮಾಸ್ಕು ಕಟ್ಟಿಕೊಂಡು ಬಂದು ಬರೆದವರು ನಮ್ಮ ಮಕ್ಕಳು. ಗಟ್ಟಿತನ ಅವರಲ್ಲಿದೆ. ಅದರ ಮೇಲೆ ನಾವು ಇನ್ನೊಂದು ಹೊರೆ ಹೇರದಿದ್ದರೆ ಸಾಕು.

4. “ಕ್ಯಾಮೆರಾ ಕೂಡ್ಸಿ ಹುಡುಗ್ರನ್ನ ಹೆದರ್ಸಿ ಫೇಲ್ ಮಾಡಿದ್ರು.”

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ, ಶೇ 73.40ಕ್ಕೆ ಇಳಿಯಿತು. ತಾನೇ ಬರೆಯುತ್ತೇನೆಂದು ಬಂದವಳಿಗೆ ಕ್ಯಾಮೆರಾ ಗೋಡೆಯ ಮೇಲಿನ ಗಡಿಯಾರವಿದ್ದಂತೆ. ಅದೇ ವರ್ಷ, ಅದೇ ಕ್ಯಾಮೆರಾದ ಕೆಳಗೆ, ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ 625ಕ್ಕೆ 625 ಪಡೆದು ರಾಜ್ಯಕ್ಕೇ ಮೊದಲಿಗಳಾದಳು. ಆಕೆ ರೈತನ ಮಗಳು. ಕ್ಯಾಮೆರಾಕ್ಕೆ ಅಂಜಿದವರ ಮಾತು ಬೇರೆ: ಪರೀಕ್ಷಾ ಕೋಣೆಯಲ್ಲಿ ಯಾರಾದರೂ ಉತ್ತರ ಹೇಳಿಕೊಡುತ್ತಾರೆಂಬ ಭರವಸೆಯನ್ನು ವರ್ಷವಿಡೀ ಬೆಳೆಸಿದವರು ದೊಡ್ಡವರು. ಅದು ಕುಸಿದ ದಿನ ಮಕ್ಕಳಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ಶಾಲೆಗಳು ಮಾಡಬೇಕಾದ್ದು ಒಂದಿದೆ. ಪೂರ್ವಸಿದ್ಧತಾ ಪರೀಕ್ಷೆಯನ್ನು ನಿಜವಾದ ಪರೀಕ್ಷೆಯ ಹಾಗೆಯೇ ನಡೆಸಲಿ: ಬೇರೆ ಕೋಣೆ, ಪರಿಚಯವಿಲ್ಲದ ಮೇಲ್ವಿಚಾರಕರು, ಪೂರ್ತಿ ಅವಧಿ. ಒಮ್ಮೆ ಅನುಭವಿಸಿದ್ದಕ್ಕೆ ಎರಡನೆಯ ಸಲ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ.

5. “ಮೂರ ಸಲ ಅವಕಾಶ ಕೊಟ್ರ ಯಾರೂ ಮನಸ್ಸಿಗೆ ಹಚ್ಕೋಳ್ಳೂದಿಲ್ಲ.”

2023-24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಮೂರರಲ್ಲಿ ಯಾವುದು ಚೆಂದವೋ ಆ ಅಂಕ ಉಳಿಯುವ ಏರ್ಪಾಡು ಅದು. ಅದಕ್ಕೂ ಮುಂಚಿನ ಕಾಲದಲ್ಲಿ ಫೇಲಾದ ಎಷ್ಟೋ ಹುಡುಗಿಯರಿಗೆ ಮನೆಯಲ್ಲಿ ವರ ನೋಡಲು ಶುರುವಾಗುತ್ತಿತ್ತು, ಹುಡುಗರು ದುಡಿಮೆಗೆ ಬೀಳುತ್ತಿದ್ದರು. ಎರಡನೆಯ ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಮೊದಲನೆಯದನ್ನು ನಿಧಾನವಾಗಿ ತೆರೆಯಬಹುದು. ನಿದ್ದೆ, ಊಟ ಬಿಟ್ಟು “ಇನ್ನ ಬದುಕಿ ಏನು ಮಾಡೂದು” ಎನ್ನುವ ಮಗುವಿದ್ದರೆ ಬೈಯಬೇಡಿ, ಹತ್ತಿರ ಕೂತು ಮಾತಾಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಅಂದೇ ಕರೆಮಾಡಿ, ಡಾಕ್ಟರರಿಗೆ ತೋರಿಸಿ.

6. “ಸಮಾಧಾನ ಇಟ್ಕೋ ಅಂದ್ರ ಬರ್ತದೇನ್ರಿ?”

ಬರುವುದಿಲ್ಲ, ಒಪ್ಪಿದೆ. ಪ್ರಮೇಯದಂತೆ ಅದನ್ನೂ ಮಾಡಿ ಮಾಡಿ ಕಲಿಯಬೇಕು. ಗಣಿತದ ಪತ್ರಿಕೆಯಲ್ಲಿ 38 ಪ್ರಶ್ನೆ, 80 ಅಂಕ, 180 ನಿಮಿಷ. ಅಂಕವೊಂದಕ್ಕೆ ಎರಡೂಕಾಲು ನಿಮಿಷ ಬೀಳುತ್ತದೆ. ಇದಲ್ಲದೆ ಓದಿಕೊಳ್ಳಲು ಮೊದಲು 15 ನಿಮಿಷ ಸಿಗುತ್ತದೆ. ಆ ಹೊತ್ತಿನಲ್ಲಿ ತಮಗೆ ಉತ್ತರ ಬರುವ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಂಡು, ಅವುಗಳಿಂದಲೇ ಶುರುಮಾಡುವುದನ್ನು ಜನವರಿಯಿಂದಲೇ ರೂಢಿಸಬೇಕು. ಎದೆ ಹೊಡೆದುಕೊಂಡರೆ ಪೆನ್ನು ಕೆಳಗಿಟ್ಟು, ಉಸಿರು ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಐದಾರು ಸಲ ಬಿಡಬೇಕು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಚಿಂತೆಯನ್ನು ಹಾಳೆಯ ಮೇಲೆ ಬರೆದ ಅಂಜುಬುರುಕ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರೆಂದು ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಇದಕ್ಕೆ ಬೇಕಾದದ್ದು ನೋಟಬುಕ್ಕಿನ ಒಂದು ಹಾಳೆ.

ಇಷ್ಟನ್ನು ಮಕ್ಕಳು ಮಾಡುತ್ತಾರೆ. ಪಾಲಕರ ಪಾಲಿಗೆ ಉಳಿಯುವುದು ಪರೀಕ್ಷೆಯ ಮುಂಜಾನೆ. ಹಾಲ್ ಟಿಕೆಟ್, ಎರಡು ಪೆನ್ನು, ನೀರಿನ ಬಾಟಲಿ ರಾತ್ರಿಯೇ ತೆಗೆದಿಡಿ. ಬಿಸಿ ರೊಟ್ಟಿ ತಿನ್ನಿಸಿ. ಹೊಸ್ತಿಲು ದಾಟುವಾಗ ಎಷ್ಟು ಅಂಕ ಬರುತ್ತದೆಂದು ಕೇಳಬೇಡಿ. “ಬರೆದು ಬಾ, ಮಧ್ಯಾಹ್ನ ಕೂಡಿ ಉಣ್ಣೂಣು” ಎನ್ನಿ. ಹೇಗೆ ಬರೆದರೂ ಮನೆಯಲ್ಲಿ ತನಗೊಂದು ತಾಟು ಕಾಯುತ್ತಿದೆ ಎಂದು ಗೊತ್ತಿರುವ ಮಗುವಿನ ಕೈ ನಡುಗುವುದು ಕಡಿಮೆ.