ವರದಿ ಬರುವವರೆಗೆ

ಈ ತಿಂಗಳು ಬೇರೊಂದು ವಿಷಯವನ್ನು ಬರೆಯಬೇಕೆಂದಿದ್ದೆವು. ಆದರೆ ಎಂಟು ದಿನಗಳಿಂದ ನಮ್ಮ ಮನೆಯಲ್ಲಿ ಒಂದೇ ಮಾತು ನಡೆದಿರುವುದರಿಂದ ಲೇಖನಿಯೂ ಅತ್ತಲೇ ಹೊರಳಿದೆ.

ನಮ್ಮ ತಾಯಿಯವರಿಗೆ 62 ವರ್ಷ. ಮೊದಲು ಪಾದಗಳು ಜುಮ್ಮೆನ್ನತೊಡಗಿದವು, ಬಳಿಕ ಮರಗಟ್ಟಿದಂತಾದವು. ಕಾಲಿನಿಂದ ಚಪ್ಪಲಿ ಜಾರಿ ಹಿಂದುಳಿದರೂ ಅವರಿಗೆ ತಿಳಿಯದು. ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ಮೈ ತೂಗಾಡಿ ಗೋಡೆ ಹಿಡಿಯುವರು. ವಯಸ್ಸಿನ ಗುಣವೆಂದು ನಾವು ನಾಲ್ಕು ತಿಂಗಳು ಕಳೆದೆವು. ಅದು ನಮ್ಮದೇ ತಪ್ಪು.

ಪಾದವು ನೆಲದ ಮೇಲೆ ಹೇಗಿದೆಯೆಂಬ ಸುದ್ದಿಯನ್ನು ನರಗಳೂ ಬೆನ್ನುಹುರಿಯೂ ಮಿದುಳಿಗೆ ಮುಟ್ಟಿಸಬೇಕು. ಆ ಸುದ್ದಿ ತಡವರಿಸಿದಾಗ ಕಣ್ಣು ಕೊರತೆಯನ್ನು ತುಂಬುತ್ತಿರುತ್ತದೆ. ಕಣ್ಣು ಮುಚ್ಚಿದರೆ ಆ ಆಸರೆಯೂ ತಪ್ಪುತ್ತದೆ. ನರರೋಗ ತಜ್ಞರು ಇಷ್ಟನ್ನು ವಿವರಿಸಿ, ಕಾರಣ ಕೇಳಿದಾಗ ಮಾತ್ರ "ಪರೀಕ್ಷೆಗಳಾಗಲಿ" ಎಂದರು. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ12 ಜೀವಸತ್ವದ ಕೊರತೆ, ಕತ್ತಿನಲ್ಲಿ ಬೆನ್ನುಹುರಿಯ ಮೇಲಿನ ಒತ್ತಡ, ಹೀಗೆ ಹಲವು ಕಾರಣಗಳು ಇದೇ ವೇಷದಲ್ಲಿ ಬರಬಲ್ಲವು.

ರಕ್ತ ಕೊಟ್ಟದ್ದಾಯಿತು. ಎಂ.ಆರ್.ಐ. ದಿನ ತಾಯಿಯವರ ಅಳುಕು ರೋಗದ ಬಗೆಗಾಗಿರಲಿಲ್ಲ. ಆ ಯಂತ್ರವು ಬಲವಾದ ಅಯಸ್ಕಾಂತವಾದುದರಿಂದ ಲೋಹದ ವಸ್ತುಗಳನ್ನೆಲ್ಲ ಹೊರಗಿಡಬೇಕು. ತಾಳಿ, ಬಳೆ, ಕಾಲುಂಗುರಗಳನ್ನು ತೆಗೆದರು. ಆದರೆ ಬೆಳ್ಳಿಯ ಕರಡಿಗೆ? ಮೈಯಿಂದ ಎಂದೂ ಅಗಲಿಸದ ಇಷ್ಟಲಿಂಗ. ಬಾಗಿಲಲ್ಲೇ ನಿಂತುಬಿಟ್ಟರು. ಕೊನೆಗೆ ಒಗೆದ ವಸ್ತ್ರದಲ್ಲಿ ಸುತ್ತಿ ನಮ್ಮ ಅಂಗೈಯಲ್ಲಿಟ್ಟು, "ಕೆಳಗಿಡಬೇಡಪ್ಪಾ" ಎಂದು ಒಳನಡೆದರು. ಮುಕ್ಕಾಲು ಗಂಟೆ ಕೈ ಕದಲಿಸದೆ ಕುಳಿತೆವು. ಇಂತಹ ಪರೀಕ್ಷೆಗೆ ಹೋಗುವವರು ಹಿಂದಿನ ದಿನವೇ ಈ ಮಾತನ್ನು ಮನೆಯಲ್ಲಿ ಆಡಿಕೊಂಡಿರುವುದು ಲೇಸು. ಪೇಸ್‌ಮೇಕರ್ ಇದ್ದವರಂತೂ ಮೊದಲೇ ತಿಳಿಸತಕ್ಕದ್ದು.

ಇನ್ನು ಕಾಯುವ ದಿನಗಳು. ಬಂದವರೆಲ್ಲರೂ ವೈದ್ಯರೇ! ಒಬ್ಬರು ಲಕ್ವದ ಮುನ್ಸೂಚನೆಯೆಂದರು. ಮತ್ತೊಬ್ಬರು ಬಿಸಿನೀರಿನಲ್ಲಿ ಕಾಲಿಡಿರೆಂದರು. ಮರಗಟ್ಟಿದ ಪಾದಕ್ಕೆ ಸುಟ್ಟದ್ದೂ ತಿಳಿಯದು. ಆದುದರಿಂದ ಸ್ನಾನದ ನೀರನ್ನೂ ಈಗ ಬೇರೆಯವರೇ ಮುಟ್ಟಿ ನೋಡುತ್ತೇವೆ. ಮೂರನೆಯವರು ಗುಳಿಗೆಗಳನ್ನೇ ತಂದರು. ನಮ್ಮಂತಹ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲ. ಅದು ಕಾಳು-ಸೊಪ್ಪುಗಳಲ್ಲಿ ದೊರೆಯದು, ಹಾಲು-ಮೊಸರಿನಿಂದಲೇ ಬರಬೇಕು. ಹಾಗೆಂದು ರಕ್ತ ಕೊಡುವ ಮೊದಲೇ ಗುಳಿಗೆ ನುಂಗಿದರೆ ವರದಿಯ ಅಂಕಿಯೇ ದಾರಿ ತಪ್ಪಿಸೀತು. ಬಿ12 ಕಡಿಮೆಯಿದ್ದವರು ಫೋಲಿಕ್ ಆಮ್ಲವೊಂದನ್ನೇ ಸೇವಿಸಿದರೆ ರಕ್ತಹೀನತೆ ಸರಿಹೋದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಗುಳಿಗೆಗಳನ್ನು ವಿನಯದಿಂದ ಹಿಂದಿರುಗಿಸಿದೆವು. ಅವರಿಗೆ ಸ್ವಲ್ಪ ಬೇಸರವಾಗಿರಬೇಕು.

ಎಲ್ಲದಕ್ಕೂ ವರದಿಯ ದಾರಿ ಕಾಯುವಂತಿಲ್ಲ. ಥಟ್ಟನೆ ಬಾಯಿ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ ಆ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಬೇಕು. ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಮೂತ್ರ ಕಟ್ಟಿದರೆ, ಕಾಲಿನ ನಿಶ್ಶಕ್ತಿ ಮೇಲೇರುತ್ತ ಬಂದರೆ, ಆಗಲೂ ತಡಮಾಡಬಾರದು.

ತಾಯಿಯವರು ಹೇಳಿದ್ದನ್ನು ಮೊಮ್ಮಗಳು ದಿನವೂ ನೋಟುಪುಸ್ತಕದಲ್ಲಿ ಬರೆಯುತ್ತಾಳೆ. "ಅರಳೆಯ ಮೇಲೆ ನಡೆದಂತಾಗುತ್ತದೆ" ಎಂಬ ಅವರದೊಂದು ಮಾತು, ನಾವು ವೈದ್ಯರಿಗೆ ಒಪ್ಪಿಸಿದ ಉದ್ದನೆಯ ಕಥೆಗಿಂತ ಹೆಚ್ಚು ಉಪಯೋಗಕ್ಕೆ ಬಂದಿತು.

ಮೊನ್ನೆ ರಾತ್ರಿ ಅವರು, "ನಡೆಯಲು ಬಾರದೇ ಹೋದರೆ?" ಎಂದು ಕೇಳಿದರು. "ಏನೂ ಆಗುವುದಿಲ್ಲ" ಎಂದುಬಿಟ್ಟೆವು. ಅವರು ಆ ಕಡೆ ಹೊರಳಿ ಮಲಗಿದರು. ಧೈರ್ಯ ಹೇಳಲು ಹೋಗಿ ನಾವು ಅವರ ಬಾಯಿಯನ್ನೇ ಮುಚ್ಚಿಸಿದ್ದೆವು. ಮರುದಿನ, "ನಮಗೂ ಭಯವಿದೆ, ಅವ್ವಾ" ಎಂದೆವು. ಆಗ ಬಹಳ ಹೊತ್ತು ಮಾತನಾಡಿದರು.

ಚಿತ್ರದಲ್ಲಿ ಏನೂ ಕಾಣದೆಯೂ ಇರಬಹುದು. ಪಾದದ ನರಗಳ ತೊಂದರೆ ಮಿದುಳಿನ ಚಿತ್ರದಲ್ಲಿ ತೋರದು. ಹಾಗಾದಾಗ "ಎಲ್ಲ ಮನಸ್ಸಿನದು" ಎಂದು ಯಾರೂ ಅನ್ನಬಾರದೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇವೆ.

ಸೋಮವಾರ ಎಲ್ಲ ವರದಿಗಳೊಡನೆ ಹೋಗಬೇಕು. ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಪ್ರಶ್ನೆಗಳಿವೆ. ಎರಡು ನಮ್ಮವು. ಮೂರನೆಯದು ತಾಯಿಯವರು ಬರೆಯಿಸಿದ್ದು: ಎಳ್ಳಮಾವಾಸ್ಯೆಗೆ ಹೊಲಕ್ಕೆ ನಡೆದು ಹೋಗಬಹುದೇ?