ಕೂಡಿಸಿದ ಮೇಲೆ ಬೀಗ

ನಾರ್ವೆಯ ನಾರ್ಡ್ ವಿಶ್ವವಿದ್ಯಾಲಯ ಹುಟ್ಟಿದ್ದು 2016ರ ಜನವರಿ 1ರಂದು. ಬೋಡೊ ಪಟ್ಟಣದ ನಾರ್ಡ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೊತೆ ನಾರ್ಡ್-ಟ್ರಾಂಡಲಾಗ್, ನೆಸ್ನಾ ಕಾಲೇಜುಗಳನ್ನು ವಿಲೀನಗೊಳಿಸಲಾಯಿತು. ನಾರ್ಡ್‌ಲ್ಯಾಂಡ್‌ಗೆ ವಿಶ್ವವಿದ್ಯಾಲಯದ ಪಟ್ಟ ಸಿಕ್ಕಿದ್ದೇ 2011ರಲ್ಲಿ. ಐದೇ ವರ್ಷಕ್ಕೆ ಬೋರ್ಡು ಬದಲಾಯಿತು.

ಮೂರರಲ್ಲಿ ಚಿಕ್ಕದು ನೆಸ್ನಾ. ಎರಡು ಸಾವಿರ ಜನರೂ ಇಲ್ಲದ ಆ ಕರಾವಳಿ ಊರಿನಲ್ಲಿ 1918ರಿಂದಲೇ ಶಿಕ್ಷಕರ ತರಬೇತಿ ನಡೆದುಬಂದಿತ್ತು. 2019ರಲ್ಲಿ ಆಡಳಿತ ಮಂಡಳಿ ಅದನ್ನು ಮುಚ್ಚಲು ತೀರ್ಮಾನಿಸಿತು. ಸಣ್ಣ ಕ್ಯಾಂಪಸ್ಸು ನಡೆಸುವುದು ದುಬಾರಿ, ನಿಜ. ಆದರೆ ದೂರದ ಹಳ್ಳಿಗಳಿಗೆ ಮೇಷ್ಟರು ಬೇಕೆಂದರೆ ಅವರನ್ನು ಅಲ್ಲೇ ತಯಾರು ಮಾಡಬೇಕಲ್ಲವೇ? ಆ ಲೆಕ್ಕ ಖರ್ಚಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ಊರವರು ಸುಮ್ಮನಿರಲಿಲ್ಲ, ವಿಷಯ ರಾಜಕೀಯವಾಯಿತು. 2021ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ನೆಸ್ನಾದಲ್ಲಿ ಮತ್ತೆ ಪಾಠ ಶುರುಮಾಡಿಸಲು ಮುಂದಾಯಿತು. ಎರಡೇ ವರ್ಷಗಳ ಅಂತರದಲ್ಲಿ ಮುಚ್ಚುವ ನಿರ್ಧಾರವೂ ಆಯಿತು, ತೆರೆಯುವ ಭರವಸೆಯೂ ಬಂತು.